ಮಗು ನೋಡಿಕೊಳ್ಳುವವರ ಕೈಯಲ್ಲಿ ಫೋನ್ ಇರಬಹುದೇ?

ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಬರುವ ಆಯಾಗಳ ಬಗ್ಗೆ ಎರಡು ಸಂಚಿಕೆಗಳ ಹಿಂದೆ ಬರೆದ ಉತ್ತರವೊಂದಕ್ಕೆ ಬಂದ ಪತ್ರಗಳಲ್ಲಿ ಅರ್ಧದಷ್ಟು ಒಂದೇ ವಿಷಯವನ್ನು ಕೇಳಿವೆ: ಕೆಲಸದ ಹೊತ್ತಿನಲ್ಲಿ ಅವರು ಮೊಬೈಲ್ ನೋಡಬಹುದೇ, ಬೇಡವೇ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟು, ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇನೆ. ಮೂವತ್ತೊಂದು ವರ್ಷ ಮಕ್ಕಳ ವಾರ್ಡಿನಲ್ಲಿ ಶುಶ್ರೂಷಕಿಯಾಗಿದ್ದವಳು ನಾನು. ನನ್ನ ಉತ್ತರಗಳಲ್ಲಿ ವಾರ್ಡಿನ ವಾಸನೆ ಸ್ವಲ್ಪ ಹೆಚ್ಚಾಗಿಯೇ ಬಂದರೆ ಓದುಗರು ಕ್ಷಮಿಸಬೇಕು.

ಪ್ರಶ್ನೆ: ನಾನು ಮತ್ತು ನನ್ನ ಪತಿ ಇಬ್ಬರೂ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುತ್ತೇವೆ. ಮಗಳಿಗೆ 14 ತಿಂಗಳು. ಬೆಳಿಗ್ಗೆ 9ರಿಂದ ಸಂಜೆ 6.30ರವರೆಗೆ ಅವಳನ್ನು ನೋಡಿಕೊಳ್ಳಲು ರಾಯಚೂರು ಕಡೆಯ, ಸುಮಾರು ಮೂವತ್ತೈದು ವರ್ಷದ ಒಬ್ಬರು ಬರುತ್ತಾರೆ. ಮಗು ಅವರನ್ನು ಬಹಳ ಹಚ್ಚಿಕೊಂಡಿದೆ. ದಿನಕ್ಕೆ ಹತ್ತು ಹನ್ನೆರಡು ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿ ಮಗು ಏನು ಮಾಡುತ್ತಿದೆ ಎಂದು ತಿಳಿಸುತ್ತಿರಬೇಕೆಂದು ಹೇಳಿದ್ದೇನೆ, ಅದನ್ನೂ ತಪ್ಪದೆ ಮಾಡುತ್ತಾರೆ. ಕಳೆದ ತಿಂಗಳು ಹಾಲ್‌ನಲ್ಲಿ ಕ್ಯಾಮೆರಾ ಹಾಕಿಸಿದೆವು, ಅವರಿಗೆ ತಿಳಿಸಿಲ್ಲ. ಒಂದು ಮಧ್ಯಾಹ್ನ ಆಫೀಸಿನಿಂದ ನೋಡಿದರೆ ನಲವತ್ತು ನಿಮಿಷ ಅವರು ಸೋಫಾದ ಮೇಲೆ ಕುಳಿತು ರೀಲ್ಸ್ ನೋಡುತ್ತಿದ್ದರು. ಮಗು ನೆಲದ ಮೇಲೆ ಡಬ್ಬಿಯ ಮುಚ್ಚಳ ತೆಗೆದು ಹಾಕುತ್ತ ಆಡುತ್ತಿತ್ತು. ನನಗೆ ಆ ದಿನ ಕೆಲಸವೇ ಸಾಗಲಿಲ್ಲ. ಅವರನ್ನು ಬಿಡಿಸಿ ಬೇರೆಯವರನ್ನು ನೋಡೋಣ ಎನ್ನುತ್ತಾರೆ ಪತಿ. ಬಂದ ಕೂಡಲೇ ಫೋನ್ ಇಸಿದುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕು ಎನ್ನುತ್ತಾರೆ ಅತ್ತೆ. ಯಾವುದು ಸರಿ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಎರಡೂ ಸರಿಯಲ್ಲ. ಎಚ್ಚರವಾಗಿರುವ ಮಗುವನ್ನು ಪಕ್ಕದಲ್ಲಿಟ್ಟುಕೊಂಡು ನಲವತ್ತು ನಿಮಿಷ ರೀಲ್ಸ್ ನೋಡಿದ್ದು ತಪ್ಪು, ಅದನ್ನು ಆಕೆಗೆ ಸ್ಪಷ್ಟವಾಗಿ ಹೇಳಲೇಬೇಕು. ಆದರೆ ಮಗು ಹಚ್ಚಿಕೊಂಡಿರುವ ಒಂದು ಜೀವವನ್ನು ಒಂದು ಮಧ್ಯಾಹ್ನದ ದೃಶ್ಯಕ್ಕಾಗಿ ಮನೆಯಿಂದ ಕಳಿಸಿಬಿಟ್ಟರೆ ಕಳೆದುಕೊಳ್ಳುವುದು ಮೊದಲಿಗೆ ಮಗುವೇ. ಇನ್ನು ಬೀಗದ ವಿಚಾರ. ನಿಮ್ಮ ಮನೆಯಲ್ಲಿ ಸ್ಥಿರ ದೂರವಾಣಿ ಇಲ್ಲವೆಂದು ಊಹಿಸುತ್ತೇನೆ, ಈಗ ಯಾರ ಮನೆಯಲ್ಲೂ ಇಲ್ಲ. ಮಗು ಮಂಚದಿಂದ ಬಿದ್ದು ತಲೆಗೆ ಪೆಟ್ಟಾದರೆ, ಜ್ವರದಲ್ಲಿ ಫಿಟ್ಸ್ ಬಂದರೆ, ನಿಮಗೋ 108ಕ್ಕೋ ಕರೆ ಮಾಡಬೇಕಾದವರು ಆಕೆಯೇ. ಆ ಹೊತ್ತಿಗೆ ಫೋನ್ ಬೀರುವಿನಲ್ಲಿದ್ದು ಬೀಗದ ಕೈ ನಿಮ್ಮ ಕೈಚೀಲದಲ್ಲಿದ್ದರೆ ಏನು ಪ್ರಯೋಜನ?

ಹಾಗಾದರೆ ತಪ್ಪು ಎಲ್ಲಿದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮಕ್ಕಳ ವಾರ್ಡಿಗೆ ಬರುತ್ತಿದ್ದ ಮನೆಯೊಳಗಿನ ಅಪಘಾತಗಳಲ್ಲಿ ಹೆಚ್ಚಿನವು ‘ಈಗ ಇಲ್ಲೇ ಆಡ್ತಾ ಇತ್ತು ಸಿಸ್ಟರ್’ ಎಂಬ ಮಾತಿನಿಂದಲೇ ಶುರುವಾಗುತ್ತಿದ್ದವು. ಮೊಬೈಲ್ ಬರುವುದಕ್ಕೆ ಬಹಳ ಮುಂಚೆಯೂ ಹಾಗೆಯೇ ಇತ್ತು ಎನ್ನುವುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆಗ ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು, ಬಾಗಿಲಲ್ಲಿ ಪಕ್ಕದ ಮನೆಯವರು ನಿಂತಿರುತ್ತಿದ್ದರು. ಆದರೆ ಹಾಲು ಉಕ್ಕಿ ಮುಗಿಯುತ್ತದೆ, ಪಕ್ಕದ ಮನೆಯವರು ಹೊರಟು ಹೋಗುತ್ತಾರೆ. ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ತಾನಾಗಿಯೇ ಬರುವಂತೆ ಮಾಡಿಟ್ಟಿರುವ ಫೋನಿಗೆ ಮುಗಿಯುವ ಕ್ಷಣವೇ ಇಲ್ಲ.

‘ಮಗು ಅತ್ತರೆ ಕೇಳಿಸುತ್ತಲ್ಲ’ ಎಂದು ಆಕೆ ನಿಮಗೆ ಹೇಳಬಹುದು. ಅನೇಕ ತಾಯಂದಿರೂ ಹೀಗೆಯೇ ನಂಬಿದ್ದಾರೆ. ಅಳುವ ಮಗುವಿಗೆ ಸಾಮಾನ್ಯವಾಗಿ ಅಪಾಯ ಕಡಿಮೆ. ಉಸಿರಿದೆ, ಶಕ್ತಿಯಿದೆ ಎಂದೇ ಅದು ಅಳುತ್ತಿದೆ. ದೊಡ್ಡ ಅಪಾಯಗಳು ಸದ್ದು ಮಾಡುವುದಿಲ್ಲ. ನಮ್ಮ ಬಚ್ಚಲುಗಳಲ್ಲಿ ಸದಾ ನೀರು ತುಂಬಿಟ್ಟ ಬಕೆಟ್ ಇರುತ್ತದೆ. ಈ ವಯಸ್ಸಿನ ಮಗುವಿನ ತಲೆ ಮೈಯ ಅಳತೆಗೆ ಹೋಲಿಸಿದರೆ ಭಾರ. ಬಗ್ಗಿ ನೋಡಲು ಹೋಗಿ ಮುಗ್ಗರಿಸಿದರೆ ತನ್ನಷ್ಟಕ್ಕೆ ಮೇಲೇಳಲಾರದು, ಕೂಗಲೂ ಆರದು. ಅರ್ಧ ಬಕೆಟ್ ನೀರೇ ಸಾಕು, ಕೆಲವೇ ನಿಮಿಷ ಸಾಕು. ಶೇಂಗಾ ಬೀಜವೋ ಇಡೀ ದ್ರಾಕ್ಷಿಯೋ ಗಂಟಲಿಗೆ ಪೂರ್ತಿ ಅಡ್ಡವಾದಾಗಲೂ ಹೀಗೆಯೇ: ಗಾಳಿಯೇ ಆಡದ ಗಂಟಲಿನಿಂದ ಕೆಮ್ಮೂ ಬರದು, ಅಳುವೂ ಬರದು. ಇವೆರಡಕ್ಕೂ ಕಿವಿ ಸಾಲದು, ಕಣ್ಣೇ ಬೇಕು. ಜರ್ಮನಿಯಲ್ಲಿ ಮಕ್ಕಳು ನೀರಿಗೆ ಬೀಳುವ ಪ್ರಸಂಗಗಳ ಬಗ್ಗೆ 2018ರಲ್ಲಿ ಅಲ್ಲಿನ ಜೀವರಕ್ಷಕರ ಸಂಘವು, ಹೆತ್ತವರು ಈಜುಕೊಳದ ದಂಡೆಯಲ್ಲಿ ಕುಳಿತು ಫೋನ್ ನೋಡುತ್ತಿರುತ್ತಾರೆ ಎಂದು ಬಹಿರಂಗವಾಗಿಯೇ ಗದರಿಸಿತ್ತು. ಗಮನಿಸಿ, ಗದರಿಸಿದ್ದು ಆಯಾಗಳನ್ನಲ್ಲ.

ಎರಡನೆಯ ನಷ್ಟ ಇಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಒಂದು ಸರಳವಾದ ಪ್ರಯೋಗ ಮಾಡಿದರು. ಕೈಗೂಸಿನ ಎದುರು ತಾಯಿ ಎಂದಿನಂತೆ ನಕ್ಕು ಮಾತಾಡಿಸಬೇಕು. ಆಮೇಲೆ ಎರಡು ಮೂರು ನಿಮಿಷ, ಅದೇ ಜಾಗದಲ್ಲಿ, ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ಮಗುವನ್ನು ನೋಡುತ್ತ ಕೂರಬೇಕು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ, ತನಗೆ ಗೊತ್ತಿರುವ ಎಲ್ಲ ಉಪಾಯಗಳನ್ನೂ ಮಾಡಿ ನೋಡುತ್ತದೆ. ಯಾವುದಕ್ಕೂ ಉತ್ತರ ಬಾರದಿದ್ದಾಗ ಮುಖ ತಿರುಗಿಸಿಕೊಂಡು ಅಳುತ್ತದೆ. ತಾಯಿ ಮತ್ತೆ ನಕ್ಕ ಮೇಲೆ ಕ್ರಮೇಣ ಸರಿಹೋಗುತ್ತದೆ. ಆದ್ದರಿಂದ ನೀವು ನೋಡಿದ ಆ ನಲವತ್ತು ನಿಮಿಷದಿಂದ ನಿಮ್ಮ ಮಗಳಿಗೆ ಏನೋ ಆಗಿಹೋಯಿತು ಎಂದು ಹೆದರಬೇಡಿ. ಮಕ್ಕಳು ತಾವಾಗಿಯೇ ಸ್ವಲ್ಪ ಹೊತ್ತು ಆಡಿಕೊಳ್ಳುವುದೂ ಬೇಕು. ಡಬ್ಬಿಯ ಮುಚ್ಚಳ ಒಳ್ಳೆಯ ಆಟಿಕೆಯೇ. ನೀವು ದುಡ್ಡು ಕೊಟ್ಟು ತಂದಿರಬಹುದಾದ ಅನೇಕ ಆಟಿಕೆಗಳಿಗಿಂತ ಒಳ್ಳೆಯದು.

ಆದರೆ ದಿನವೂ ಹೀಗೇ ಆದರೆ? ಹದಿನಾಲ್ಕು ತಿಂಗಳೆಂದರೆ ಮಗು ಬೆರಳು ತೋರಿಸಿ ಪ್ರಪಂಚದ ಹೆಸರು ಕೇಳುವ ಕಾಲ. ಕಿಟಕಿಯ ಸರಳಿನ ಮೇಲೆ ಕಾಗೆ ಕೂತಿದೆ. ಮಗು ಅತ್ತ ಬೆರಳು ಚಾಚಿ, ತಿರುಗಿ ಆಕೆಯ ಮುಖ ನೋಡುತ್ತದೆ. ಆಕೆ ‘ಹೌದು ಕಂದಾ, ಕಾಗಿ, ಕಾ ಕಾ ಅಂತದ ನೋಡು’ ಎಂದರೆ ಮಗುವಿಗೆ ಒಂದು ಮಾತು ಸಿಕ್ಕಿತು, ಜೊತೆಗೆ ತಾನು ತೋರಿಸಿದ್ದನ್ನು ಇನ್ನೊಬ್ಬರು ನೋಡುತ್ತಾರೆ ಎಂಬ ನಂಬಿಕೆಯೂ ಸಿಕ್ಕಿತು. ಕಣ್ಣು ಫೋನಿನ ಮೇಲಿದ್ದರೆ ಅದೇ ಬೆರಳು ಒಂದೆರಡು ಸಲ ಚಾಚಿ ಕೆಳಗಿಳಿಯುತ್ತದೆ, ಕಾಗೆ ಹಾರಿಹೋಗುತ್ತದೆ. ಮಕ್ಕಳು ಮಾತು ಕಲಿಯುವುದು ಇಂಥ ನೂರಾರು ಸಣ್ಣ ಕೊಡುಕೊಳ್ಳುವಿಕೆಗಳಿಂದ. ಅಂದ ಹಾಗೆ, ರಾಯಚೂರಿನ ಕನ್ನಡವೂ ಬೆಂಗಳೂರಿನ ಕನ್ನಡವೂ ಒಟ್ಟಿಗೇ ಕಿವಿಗೆ ಬೀಳುವ ಭಾಗ್ಯ ನಿಮ್ಮ ಮಗಳಿಗಿದೆ. ಅದು ಫೋನಿನ ಪಾಲಾಗದಿರಲಿ.

ಈಗ ನಿಮ್ಮ ಪತ್ರದಲ್ಲಿ ನೀವು ಬೇಗ ದಾಟಿ ಹೋದ ಒಂದು ಸಾಲಿಗೆ ಬರುತ್ತೇನೆ. ದಿನಕ್ಕೆ ಹತ್ತು ಹನ್ನೆರಡು ಫೋಟೊ. ಒಂದು ಫೋಟೊ ಎಂದರೆ ಆಕೆ ಮಗುವನ್ನು ಬಿಟ್ಟು ಫೋನ್ ಹುಡುಕಬೇಕು, ಆಡುತ್ತಿರುವ ಮಗುವನ್ನು ‘ಇಲ್ಲಿ ನೋಡು, ಇಲ್ಲಿ ನೋಡು’ ಎಂದು ತನ್ನತ್ತ ತಿರುಗಿಸಬೇಕು, ತೆಗೆದು ಕಳಿಸಬೇಕು, ನಿಮ್ಮ ಉತ್ತರ ಬಂದು ನೀಲಿ ಗೆರೆ ಬೀಳುವವರೆಗೆ ಕಾಯಬೇಕು. ಅಷ್ಟರಲ್ಲಿ ತಂಗಿಯ ಸಂದೇಶ ಬಂದಿರುತ್ತದೆ, ಊರಿನ ಗುಂಪಿನಲ್ಲಿ ಯಾರೋ ಜಾತ್ರೆಯ ವಿಡಿಯೊ ಹಾಕಿರುತ್ತಾರೆ. ಹೀಗೆ ದಿನಕ್ಕೆ ಹನ್ನೆರಡು ಸಲ ನೀವೇ ಆಕೆಯ ಕೈಗೆ ಫೋನ್ ಕೊಟ್ಟು, ಹದಿಮೂರನೆಯ ಸಲ ಆಕೆಯಾಗಿಯೇ ಎತ್ತಿಕೊಂಡಾಗ ಬೇಸರಪಟ್ಟರೆ ಹೇಗೆ? ದೂರದಲ್ಲಿರುವ ತಾಯಿಯ ಕರುಳು ಫೋಟೊ ಬೇಡುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಊಟದ ಹೊತ್ತಿಗೆ ಒಂದು, ಸಂಜೆ ಒಂದು, ಅಷ್ಟಕ್ಕೆ ಇಳಿಸಿ.

ಇನ್ನೊಂದನ್ನೂ ಯೋಚಿಸಿ. ಒಂಬತ್ತೂವರೆ ಗಂಟೆ, ಬಾಗಿಲು ಮುಚ್ಚಿದ ಫ್ಲ್ಯಾಟಿನಲ್ಲಿ, ಇನ್ನೂ ಮಾತು ಬಾರದ ಮಗುವಿನೊಂದಿಗೆ ಒಬ್ಬರೇ. ನೀವು ಆಫೀಸಿನಲ್ಲಿ ಕಾಫಿಗೆ ಎದ್ದು ಹೋಗುತ್ತೀರಿ, ಊಟಕ್ಕೆ ನಾಲ್ಕು ಜನ ಕೂಡಿ ಕೂರುತ್ತೀರಿ. ಊರಿನಲ್ಲಿ ಕೂಸು ಆಡಿಸುವವರು ಜಗಲಿಯ ಮೇಲೆ ಕುಳಿತು ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತ ಕೂಸು ಆಡಿಸುತ್ತಾರೆ, ಅಜ್ಜಿ ಬೈಯುತ್ತ ಎರಡನೆಯ ಕಣ್ಣಾಗಿರುತ್ತಾಳೆ. ಆಕೆಗೆ ಆ ಜಗಲಿ ಇಲ್ಲ, ಫೋನ್ ಇದೆ. ನಾನು ತಪ್ಪನ್ನು ಸಮರ್ಥಿಸುತ್ತಿಲ್ಲ. ತಪ್ಪಿಗೊಂದು ಕಾರಣವಿದೆ, ಆ ಕಾರಣಕ್ಕೆ ನೀವು ಬೇರೆ ದಾರಿ ಕೊಡಬೇಕು ಎನ್ನುತ್ತಿದ್ದೇನೆ. ಮಗು ಮಧ್ಯಾಹ್ನ ಮಲಗುವ ಒಂದೂವರೆ ಎರಡು ಗಂಟೆ ಪೂರ್ತಿ ಆಕೆಯದಾಗಿರಲಿ. ಬಟ್ಟೆ ಮಡಚುವುದು, ತರಕಾರಿ ಹೆಚ್ಚುವುದು ಎಂದು ಆ ಹೊತ್ತಿಗೆ ಬೇರೆ ಕೆಲಸ ಹೇಳಿದ್ದರೆ ನಿಲ್ಲಿಸಿ. ಆಗ ರೀಲ್ಸ್ ನೋಡಲಿ, ಊರಿಗೆ ಮಾತಾಡಲಿ, ಮಲಗಿದ ಮಗುವಿನ ಕೋಣೆಯ ಬಾಗಿಲು ತೆರೆದಿದ್ದರೆ ಸಾಕು. ಸಂಜೆ ಹೊತ್ತು ಅಪಾರ್ಟ್‌ಮೆಂಟಿನ ಕೆಳಗಿನ ತೋಟಕ್ಕೆ ಮಗುವನ್ನು ಕರೆದುಕೊಂಡು ಹೋಗಲು ಹೇಳಿ. ಅಲ್ಲಿ ಆಕೆಯಂಥವರೇ ಇನ್ನೂ ನಾಲ್ವರು ಸಿಗುತ್ತಾರೆ.

ಮಗು ಎಚ್ಚರವಿರುವಾಗ ಫೋನ್ ಫ್ರಿಜ್ಜಿನ ಮೇಲೋ ಶೋಕೇಸಿನ ಮೇಲೋ ಇರಲಿ, ರಿಂಗ್ ಜೋರಾಗಿರಲಿ, ಉಳಿದ ಟಿಣ್‌ಟಿಣ್ ಸದ್ದುಗಳೆಲ್ಲ ಬಂದ್ ಆಗಿರಲಿ. ಕರೆ ಬಂದರೆ ಎತ್ತಿ ಎರಡು ಮಾತಾಡಿ ಇಡಬಹುದು. ಸ್ನಾನ ಮಾಡಿಸುವಾಗ, ತಿನ್ನಿಸುವಾಗ, ಮೆಟ್ಟಿಲು, ಲಿಫ್ಟು, ಬಾಲ್ಕನಿ, ರಸ್ತೆ, ಜೋಕಾಲಿ, ಇಷ್ಟು ಕಡೆ ಮಾತ್ರ ಕರೆ ಬಂದರೂ ಎತ್ತಬಾರದು, ನೀವೇ ಮಾಡಿದ್ದರೂ ಸರಿಯೇ. ನಿಮ್ಮ ಕರೆಯನ್ನು ಆಕೆ ಎತ್ತಲಿಲ್ಲವೆಂದರೆ ಮಗು ನೀರಿನ ಹತ್ತಿರವಿದೆ ಎಂದು ತಿಳಿದುಕೊಂಡು ಹತ್ತು ನಿಮಿಷ ಕಾಯಲು ನೀವೂ ಕಲಿಯಬೇಕು.

ಕ್ಯಾಮೆರಾ ಇದೆ ಎಂದು ಇವತ್ತೇ ಹೇಳಿ. ಗುಟ್ಟಾಗಿ ನೋಡಿದ್ದು ಒಂದು ದಿನ ಹೇಗೂ ತಿಳಿಯುತ್ತದೆ, ಆಮೇಲೆ ಆಕೆ ನಿಮ್ಮನ್ನು ಎಂದೂ ನಂಬುವುದಿಲ್ಲ. ಹಾಲ್‌ನಲ್ಲಿ, ಮಗು ಆಡುವ ಕೋಣೆಯಲ್ಲಿ ಇರಬಹುದು. ಬಚ್ಚಲು, ಆಕೆ ಬಟ್ಟೆ ಬದಲಿಸುವ ಜಾಗ ಇವುಗಳ ಹತ್ತಿರವೂ ಸುಳಿಯಬಾರದು. ಹೆಂಗಸೊಬ್ಬರ ಖಾಸಗಿ ಕ್ಷಣವನ್ನು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನ ಪ್ರಕಾರ ಅಪರಾಧ. ಆ ನಲವತ್ತು ನಿಮಿಷದ ತುಣುಕನ್ನು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಹಾಕಿಲ್ಲವೆಂದು ಭಾವಿಸುತ್ತೇನೆ.

ಹೇಳುವುದು ಹೇಗೆ? ಪತಿ, ಅತ್ತೆ ಎಲ್ಲರೂ ಸುತ್ತ ನಿಂತು ವಿಚಾರಣೆ ನಡೆಸಬೇಡಿ. ಶನಿವಾರ ಸಂಜೆ ಆಕೆಯ ಜೊತೆ ಚಹಾ ಕುಡಿಯುತ್ತ ನೀವೊಬ್ಬರೇ ಹೇಳಿ: ‘ಅಕ್ಕ, ಹಾಲ್‌ನಲ್ಲಿ ಕ್ಯಾಮೆರಾ ಹಾಕಿಸಿದ್ದೀವಿ, ನಿಮಗೆ ಮೊದಲೇ ಹೇಳಬೇಕಿತ್ತು, ನಮ್ಮ ತಪ್ಪು. ಮೊನ್ನೆ ಮಗು ಎದ್ದಿದ್ದಾಗ ನೀವು ತುಂಬ ಹೊತ್ತು ಫೋನ್ ನೋಡ್ತಿದ್ರಿ, ನನಗೆ ಭಯ ಆಯ್ತು.’ ನಿಮ್ಮ ತಪ್ಪನ್ನು ಮೊದಲು ಹೇಳಿದರೆ ಆಕೆಯ ತಪ್ಪನ್ನು ಆಕೆ ಬೇಗ ಒಪ್ಪುತ್ತಾರೆ. ಒಂದು ತಿಂಗಳು ನೋಡಿ. ಹೀಗೆ ಒಪ್ಪಿಕೊಂಡ ಮೇಲೂ ಬಚ್ಚಲಲ್ಲಿ ಮಗುವನ್ನು ಬಿಟ್ಟು ಫೋನಿಗೆ ಬಂದರು ಎಂದಾದರೆ, ಆಗ ನಿಮ್ಮ ಪತಿ ಹೇಳಿದ್ದೇ ಸರಿ, ಎರಡನೆಯ ಅವಕಾಶ ಬೇಡ.

ಸಂಜೆ 6.30ಕ್ಕೆ ನೀವು ಮನೆಗೆ ಬಂದ ಮೇಲಿನ ಒಂದು ಗಂಟೆ ನಿಮ್ಮ ಫೋನ್ ಎಲ್ಲಿರುತ್ತದೆ ಎಂದು ನೀವು ಬರೆದಿಲ್ಲ. ಅಮೆರಿಕದ ಬಾಸ್ಟನ್ ನಗರದ ಫಾಸ್ಟ್‌ಫುಡ್ ಹೋಟೆಲುಗಳಲ್ಲಿ ಮಕ್ಕಳೊಡನೆ ಊಟಕ್ಕೆ ಬಂದ 55 ಮಂದಿ ದೊಡ್ಡವರನ್ನು ಸಂಶೋಧಕರು ದೂರದಿಂದ ಗಮನಿಸಿ 2014ರಲ್ಲಿ ವರದಿ ಪ್ರಕಟಿಸಿದರು. 40 ಮಂದಿ ಊಟದ ನಡುವೆ ಫೋನ್ ಬಳಸಿದ್ದರು. ಆ ಫ್ರಿಜ್ಜಿನ ಮೇಲೆ ನಿಮ್ಮಿಬ್ಬರ ಫೋನುಗಳಿಗೂ ಜಾಗವಿರಲಿ.

ಮುಗಿಸುವ ಮುನ್ನ ಪ್ರಶ್ನೆಯಲ್ಲಿಲ್ಲದ ಒಂದು ಮಾತು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು ಎಂದು ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಯಿತು. ನಿಮ್ಮ ಕಚೇರಿಯಲ್ಲಿ ಅದು ಇದೆಯೇ ಎಂದು ಒಮ್ಮೆ ಕೇಳಿ ನೋಡಿ.

ಪ್ರಶ್ನೆ: ನಾನು ಹೇಳಿದ್ದನ್ನು ಪಿಯುಸಿ ಓದುವ ನನ್ನ ಮಗಳು ಬರೆಯುತ್ತಿದ್ದಾಳೆ. ಆರು ವರ್ಷದಿಂದ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಈಗಿನ ಮನೆಯಲ್ಲಿ ಮೂರು ವರ್ಷದ ಹುಡುಗ, ಎಂಟು ತಿಂಗಳ ಹೆಣ್ಣುಮಗು ಇದ್ದಾರೆ. ಬಾಗಿಲಲ್ಲೇ ಚಪ್ಪಲಿ ಗೂಡಿನ ಮೇಲಿನ ಡ್ರಾಯರಿನಲ್ಲಿ ಫೋನ್ ಇಟ್ಟು ಒಳಗೆ ಹೋಗಬೇಕು, ಸಂಜೆ ಹೊರಡುವಾಗ ತೆಗೆದುಕೊಳ್ಳಬೇಕು. ಹೋದ ತಿಂಗಳು ಏಳನೇ ಕ್ಲಾಸಿನಲ್ಲಿರುವ ನನ್ನ ಮಗ ಶಾಲೆಯಲ್ಲಿ ಬಿದ್ದು ಕೈ ಮುರಿದುಕೊಂಡ. ಟೀಚರ್ ಒಂಬತ್ತು ಸಲ ಫೋನ್ ಮಾಡಿದ್ದಾರೆ. ನನಗೆ ಗೊತ್ತಾಗಿದ್ದು ಸಂಜೆ ಆರಕ್ಕೆ. ಮೇಡಂ ಒಳ್ಳೆಯವರೇ, ಆದರೆ ಅವರು ಮಗುವಿಗೆ ತಿನ್ನಿಸುವಾಗ ಕಿವಿಗೆ ಫೋನ್ ಇಟ್ಟುಕೊಂಡೇ ಇರುತ್ತಾರೆ. ನಾನು ಫೋನ್ ಕೇಳುವುದು ತಪ್ಪೇ? ಕೇಳಿದರೆ ಕೆಲಸ ಹೋಗುತ್ತದೆ ಎಂದು ಹೆದರಿಕೆ. ನಿಜ ಹೇಳಬೇಕೆಂದರೆ, ಹಿಂದಿನ ಮನೆಯಲ್ಲಿ ಮಗು ತುಂಬ ಹಟ ಮಾಡಿದಾಗ ನಾನೂ ಫೋನ್ ಕೊಟ್ಟು ಸುಮ್ಮನಿರಿಸಿದ್ದೇನೆ.
– ಒಬ್ಬ ಕೆಲಸದಾಕೆ, ಬೆಂಗಳೂರು

ಉತ್ತರ: ತಪ್ಪಲ್ಲ. ನಿಮ್ಮ ಮಗ ಮುರಿದ ಕೈ ಹಿಡಿದುಕೊಂಡು ಅಮ್ಮನಿಗಾಗಿ ಕಾಯುತ್ತಿದ್ದ ಆ ಗಂಟೆಗಳನ್ನು ಓದುವಾಗ ನನಗೆ ಕಷ್ಟವಾಯಿತು. ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವವರಿಗೂ ಮಕ್ಕಳಿರುತ್ತಾರೆ, ಆ ಮಕ್ಕಳು ಶಾಲೆಯಲ್ಲಿ ಬೀಳುತ್ತಾರೆ ಎಂಬುದನ್ನು ಡ್ರಾಯರ್ ಮಾಡಿಸಿದವರು ಮರೆತಿದ್ದಾರೆ. ಬೇಕೆಂದೇ ಮಾಡಿದ್ದಾರೆ ಎಂದು ನನಗನ್ನಿಸುವುದಿಲ್ಲ. ಹಿಂದೆ ಯಾರದೋ ಅನುಭವದಿಂದ ಹೆದರಿ ಮಾಡಿದ ನಿಯಮ ಅದು.

ಕೆಲಸದ ಹೊತ್ತಿನಲ್ಲಿ ಫೋನ್ ಬಳಕೆ ಹೇಗಿರಬೇಕು ಎಂಬುದು ಮನೆಯವರೂ ನೀವೂ ಕೂಡಿ ಮಾಡಿಕೊಳ್ಳುವ ಒಪ್ಪಂದ. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಅಧಿಸೂಚನೆಯ ಮೂಲಕ ಗೊತ್ತುಪಡಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಅದು 2004ರಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2011ರಲ್ಲಿ ಮಾಡಿದ 189ನೆಯ ಒಡಂಬಡಿಕೆಯು ಮನೆಗೆಲಸದವರ ಕೆಲಸದ ಷರತ್ತುಗಳು ಅವರಿಗೆ ಅರ್ಥವಾಗುವಂತೆ, ಸಾಧ್ಯವಾದಷ್ಟೂ ಬರಹದಲ್ಲಿ ಇರಬೇಕು ಎನ್ನುತ್ತದೆ, ವಾರದ ಬಿಡುವಿನ ಬಗ್ಗೆಯೂ ಹೇಳುತ್ತದೆ. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ. ಆದ್ದರಿಂದ ಸದ್ಯಕ್ಕೆ ನಿಮ್ಮ ಕೈಯಲ್ಲಿರುವ ಬಲ ನಿಮ್ಮ ಆರು ವರ್ಷದ ಅನುಭವ, ಮಕ್ಕಳು ನಿಮ್ಮನ್ನು ಹಚ್ಚಿಕೊಂಡಿರುವುದು, ಇವೇ. ಅದು ಸಣ್ಣ ಬಲವಲ್ಲ. ನಂಬಿಕೆಯ ಆಯಾ ಸಿಗುವುದು ಬೆಂಗಳೂರಿನಲ್ಲಿ ಎಷ್ಟು ಕಷ್ಟ ಎಂದು ನಿಮ್ಮ ಮೇಡಂಗೆ ಚೆನ್ನಾಗಿ ಗೊತ್ತಿದೆ.

ಕೇಳುವಾಗ ಜಗಳದಂತೆ ಬೇಡ, ಮೇಡಂ ಫೋನ್ ಹಿಡಿದು ತಿನ್ನಿಸುವ ಮಾತನ್ನಂತೂ ಎತ್ತಲೇಬೇಡಿ. ಅದು ನಿಜವಾದರೂ ಆ ಹೊತ್ತಿಗೆ ನಿಮ್ಮ ಕೆಲಸ ಕೆಡಿಸುತ್ತದೆ. ಮಗನ ಕೈಯ ವಿಷಯ ಹೇಳಿ, ನೀವಾಗಿಯೇ ನಿಯಮ ಮುಂದಿಡಿ: ‘ಮೇಡಂ, ಫೋನ್ ಡ್ರಾಯರಿನ ಬದಲು ಹಾಲ್‌ನಲ್ಲಿ ನಿಮ್ಮ ಕಣ್ಣಿಗೆ ಬೀಳೋ ಕಡೆ ಇಡ್ತೀನಿ. ನೆಟ್ ಆಫ್ ಮಾಡಿರ್ತೀನಿ. ಶಾಲೆಯಿಂದ, ಮನೆಯಿಂದ ಬಂದರೆ ಮಾತ್ರ ಎತ್ತುತೀನಿ.’ ನೆಟ್ ಆಫ್ ಮಾಡುತ್ತೇನೆ ಎಂಬ ಒಂದು ಮಾತಿನಿಂದ ಅವರ ಮುಕ್ಕಾಲು ಭಯ ಹೋಗುತ್ತದೆ. ಏಕೆಂದರೆ ಯಾರೂ ಹೆದರುವುದು ಕರೆಗಳಿಗಲ್ಲ, ರೀಲ್ಸಿಗೆ. ಇದಕ್ಕೂ ಒಪ್ಪದಿದ್ದರೆ ಮೇಡಂ ಅವರ ನಂಬರನ್ನು ಮಗನ ಶಾಲೆಯಲ್ಲಿ ಎರಡನೆಯ ನಂಬರಾಗಿ ಬರೆಸಲು ಅನುಮತಿ ಕೇಳಿ. ಕರೆ ತಮಗೇ ಬರಲು ಶುರುವಾದರೆ, ಫೋನ್ ನಿಮ್ಮ ಹತ್ತಿರವೇ ಇರಲಿ ಎಂದು ಅವರಿಗೇ ಅನ್ನಿಸಲೂಬಹುದು.

ಫೋನ್ ಕೈಗೆ ಬಂದ ಮೇಲೆ ನೀವು ಮಾತಿಗೆ ತಪ್ಪಬಾರದು. ಎಂಟು ತಿಂಗಳ ಮಗು ಅಂಬೆಗಾಲಿಡುವ ವಯಸ್ಸು. ನೆಲದ ಮೇಲೆ ಬಿದ್ದ ಗುಂಡಿ, ಪಿನ್ನು, ಕಾಳು, ಎಲ್ಲವೂ ಬಾಯಿಗೆ ಹೋಗುತ್ತದೆ. ಇಬ್ಬರು ಮಕ್ಕಳಿರುವಾಗ ಒಬ್ಬರ ಮೇಲಿನ ಕಣ್ಣು ಇನ್ನೊಬ್ಬರಿಂದ ಹೇಗೂ ತಪ್ಪುತ್ತದೆ, ಫೋನ್ ಮೂರನೆಯ ಮಗುವಾಗಬಾರದು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೆಲಸ ಮಾಡುವ ಅಭ್ಯಾಸವಿದ್ದರೆ ಬಿಟ್ಟುಬಿಡಿ, ಹಾಡು ಕೇಳುವುದಕ್ಕೂ ಬೇಡ.

ಹಿಂದಿನ ಮನೆಯಲ್ಲಿ ಫೋನ್ ಕೊಟ್ಟು ಸುಮ್ಮನಿರಿಸಿದ್ದನ್ನು ನೀವಾಗಿಯೇ ಹೇಳಿದ್ದೀರಿ, ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಇನ್ನು ಮುಂದೆ ಹಾಗೆ ಮಾಡಬೇಡಿ. ಹಟ ಮಾಡುವ ಮೂರು ವರ್ಷದ ಹುಡುಗನನ್ನು ಬಾಲ್ಕನಿಗೆ ಎತ್ತಿಕೊಂಡು ಹೋಗಿ ಕೆಳಗಿನ ರಸ್ತೆ ತೋರಿಸುವುದು, ಒಂದು ಬೋಗುಣಿ ನೀರು ಕೊಟ್ಟು ನಿಮ್ಮ ಎದುರಿಗೇ ಲೋಟದಿಂದ ಲೋಟಕ್ಕೆ ಸುರಿಯಲು ಬಿಡುವುದು, ಇವೆಲ್ಲ ನನಗಿಂತ ನಿಮಗೇ ಹೆಚ್ಚು ಗೊತ್ತಿರುತ್ತವೆ. ಆಟ ಮುಗಿದ ಕೂಡಲೇ ಬೋಗುಣಿ ಬರಿದು ಮಾಡಿ, ಸಣ್ಣ ಮಗು ಅಲ್ಲೇ ತೆವಳುತ್ತಿರುತ್ತದೆ.

ಪ್ರಶ್ನೆ: ನಿವೃತ್ತ ಅಧ್ಯಾಪಕ ನಾನು. ಇಪ್ಪತ್ತು ತಿಂಗಳ ಮೊಮ್ಮಗನನ್ನು ನೋಡಿಕೊಳ್ಳಲು ಬರುವ ಆಯಾ ಫೋನ್ ಮುಟ್ಟಕೂಡದೆಂದು ಸೊಸೆ ಕಟ್ಟುನಿಟ್ಟು ಮಾಡಿದ್ದಾಳೆ. ಆದರೆ ಮಧ್ಯಾಹ್ನ ಅನ್ನ ತಿನ್ನಿಸುವಾಗ ನನ್ನ ಫೋನಿನಲ್ಲಿ ಕಾರ್ಟೂನ್ ಹಾಕಿಕೊಡದಿದ್ದರೆ ಮಗು ಬಾಯಿಯೇ ತೆರೆಯುವುದಿಲ್ಲ. ತಾತನಿಗೆ ಬೇರೆ ನಿಯಮ ಇರಬಹುದಲ್ಲವೇ?
– ಒಬ್ಬ ತಾತ, ಮೈಸೂರು

ಉತ್ತರ: ಇರಲಾರದು, ಕ್ಷಮಿಸಿ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡರಿಂದ ಐದು ವರ್ಷದವರಿಗೆ ದೊಡ್ಡವರು ಜೊತೆಗಿದ್ದು ದಿನಕ್ಕೆ ಒಂದು ಗಂಟೆ ಮೀರದಂತೆ ಎನ್ನುವುದು ಭಾರತೀಯ ಮಕ್ಕಳ ತಜ್ಞರ ಸಂಘದ ಸಲಹೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ನಿಮ್ಮ ಮೊಮ್ಮಗ ಬಾಯಿ ತೆರೆಯುತ್ತಿರುವುದು ಹಸಿವಿನಿಂದಲ್ಲ, ಕಣ್ಣು ಪರದೆಯ ಮೇಲಿರುವಾಗ ಬಾಯಿಗೆ ಏನು ಬಂತೆಂದು ತಿಳಿಯದೆ. ಹೊಟ್ಟೆ ತುಂಬಿದ್ದೂ ಹಾಗೆಯೇ ತಿಳಿಯುವುದಿಲ್ಲ.

ನಿಲ್ಲಿಸಿದ ಮೊದಲ ಮೂರು ನಾಲ್ಕು ದಿನ ಕಷ್ಟವಿದೆ, ಮಗು ಅರ್ಧ ತಿಂದು ಎದ್ದು ಹೋಗುತ್ತದೆ, ನಿಮ್ಮ ಜೀವ ಚುರುಗುಟ್ಟುತ್ತದೆ. ಆರೋಗ್ಯವಾಗಿರುವ ಮಗು ಹೀಗೆ ಎರಡು ಹೊತ್ತು ಕಡಿಮೆ ತಿಂದರೆ ಏನೂ ಆಗದು, ಮೂರನೆಯ ಹೊತ್ತಿಗೆ ಹಸಿವೇ ಅದನ್ನು ತಟ್ಟೆಯ ಮುಂದೆ ಕೂರಿಸುತ್ತದೆ. ಊಟಕ್ಕೆ ಮುಂಚಿನ ಒಂದೂವರೆ ಗಂಟೆ ಬಿಸ್ಕತ್ತು, ಹಾಲು ಕೊಡಬೇಡಿ. ಅವನಿಗೇ ಒಂದು ಪುಟ್ಟ ತಟ್ಟೆಯಲ್ಲಿ ಮೊಸರನ್ನ ಹಾಕಿ ಕೈಯಲ್ಲಿ ಕಲಸಲು ಬಿಡಿ, ನೀವೂ ಎದುರಿಗೆ ಕುಳಿತು ಊಟ ಮಾಡಿ. ನೆಲವೆಲ್ಲ ಅನ್ನವಾಗುತ್ತದೆ, ಒರೆಸುವ ಕೆಲಸವನ್ನು ದಯವಿಟ್ಟು ಆಯಾಗೆ ಬಿಡಬೇಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಮಗು ನೋಡಿಕೊಳ್ಳುವ ಹುಡುಗಿ ಬಹಳ ಚುರುಕು, ಮಗುವಿನ ಮೇಲೆ ಪ್ರೀತಿಯೂ ಇದೆ. ಆದರೆ ನಮ್ಮ ಎರಡೂವರೆ ವರ್ಷದ ಮಗನನ್ನು ಎತ್ತಿಕೊಂಡು ಹಾಡಿಗೆ ಕುಣಿಯುವ ವಿಡಿಯೊ ಮಾಡಿ ತನ್ನ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದಾಳೆ. ನೋಡಿದವರೆಲ್ಲ ಮುದ್ದಾಗಿದೆ ಎನ್ನುತ್ತಿದ್ದಾರೆ. ನಾವು ಸಿಟ್ಟಾಗಬೇಕೋ ಬೇಡವೋ ತಿಳಿಯುತ್ತಿಲ್ಲ.
– ದಂಪತಿ, ಹುಬ್ಬಳ್ಳಿ

ಉತ್ತರ: ಸಿಟ್ಟಾಗಬೇಡಿ, ಆದರೆ ಇವತ್ತೇ ನಿಲ್ಲಿಸಿ. ಆಕೆಯ ಖಾತೆಯನ್ನು ಯಾರು ಯಾರು ನೋಡುತ್ತಾರೆಂದು ಆಕೆಗೂ ತಿಳಿಯದು, ನಿಮಗೂ ತಿಳಿಯದು. ಹಿಂದಿನ ಗೋಡೆಯ ಮೇಲಿನ ಮನೆ ನಂಬರು, ಮಗನ ಪ್ಲೇಹೋಮಿನ ಹೆಸರಿರುವ ಅಂಗಿ, ದಿನವೂ ಅದೇ ಹೊತ್ತಿಗೆ ಹೋಗುವ ಪಾರ್ಕು, ಇವೆಲ್ಲ ವಿಡಿಯೊದಲ್ಲಿ ತಾವಾಗಿಯೇ ಸೇರಿಕೊಳ್ಳುತ್ತವೆ. ಎಣ್ಣೆ ನೀರಿನ ಸ್ನಾನದ ಚಿತ್ರಗಳನ್ನಂತೂ ಯಾರ ಫೋನಿನಲ್ಲೂ ತೆಗೆಯಬಾರದು. ಕುಣಿಯುವಾಗ ಆಕೆಯ ಕಣ್ಣು ಎಲ್ಲಿತ್ತು ಎಂದು ಆ ವಿಡಿಯೊವನ್ನೇ ಇನ್ನೊಮ್ಮೆ ನೋಡಿ; ಕ್ಯಾಮೆರಾದ ಮೇಲಿತ್ತು, ಮಗ ಸೊಂಟದ ಮೇಲೆ ಜಾರುತ್ತಿದ್ದ ಎಂದರೆ ನನಗೆ ಆಶ್ಚರ್ಯವಾಗದು.

ಆಕೆಗೆ ಇದೊಂದು ಅಪರಾಧವೆಂದು ಹೊಳೆದೇ ಇರುವುದಿಲ್ಲ, ನಿಮ್ಮ ಮಗ ತನ್ನ ಮಗುವೂ ಹೌದು ಎಂಬ ಸಲಿಗೆಯಿಂದ ಮಾಡಿದ್ದಾಳೆ. ಹಾಗೆಂದೇ ಮೆತ್ತಗೆ ಹೇಳಿ, ಹಾಕಿರುವುದನ್ನೆಲ್ಲ ನಿಮ್ಮ ಎದುರಿಗೇ ಅಳಿಸಲಿ. ಕುಣಿಯುವ ಆಸೆಯಿದ್ದರೆ ಮಗು ಮಲಗಿದ ಮೇಲೆ ತಾನೊಬ್ಬಳೇ ಕುಣಿದು ವಿಡಿಯೊ ಮಾಡಿಕೊಳ್ಳಲಿ, ಅದು ಆಕೆಯ ಬಿಡುವಿನ ಹೊತ್ತು. ಆದರೆ ಅದಕ್ಕೂ ಮೊದಲು ನಿಮ್ಮಿಬ್ಬರ ಸ್ಟೇಟಸ್ಸಿನಲ್ಲಿ, ಸೋದರಮಾವನ ಫೇಸ್‌ಬುಕ್ಕಿನಲ್ಲಿ ಇದೇ ಮಗನ ಎಷ್ಟು ಚಿತ್ರಗಳಿವೆ ಎಂದು ಎಣಿಸಿ, ಅಳಿಸುವ ಕೆಲಸವನ್ನು ಅಲ್ಲಿಂದ ಶುರು ಮಾಡಿ. ಇಲ್ಲದಿದ್ದರೆ ಆ ಹುಡುಗಿ ಕೇಳುವ ಮೊದಲ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇರುವುದಿಲ್ಲ.